ಸಾಹೇಬನ ಸಂಶೋಧನಾ, ನನ್ನ ಲಗ್ನದ ಚಿಂತಿ

ಕೆಲವರಿಗಿ ಸಾಡೇಸಾತಿ ಶನಿ ಬೆನ್ನ ಹತ್ತತಾನ, ನನಗ ಹುಟ್ಟಿದಾಗಿಂದ ಬೆನ್ನ ಹತ್ತಿದವರು ಕಲ್ತ ಮಂದಿ. ವಿಜಾಪುರ ಟೇಶನ್ ಮುಂದ ಟಾಂಗಾ ಹಚ್ಚಿ ನಿಂತ್ನೆಂದ್ರ, ಶಾಣ್ಯಾ ಮಂದಿ ಎಲ್ಲಾ ಬ್ಯಾರೆ ಟಾಂಗಾ ಹತ್ತಿ ಹೋಗತಿದ್ರು. ದಪ್ಪ ಚಷ್ಮಾದವ ಯಾವನರ ಉಳದಿದ್ರ ಅಂವ ಸೀದಾ ನನ್ನ ಕಡೆನ ಬರತಿದ್ದ. ಸಾಲಿ ಕಟ್ಟಿ ನಾ ಹತ್ತಿದವ ಅಲ್ಲ. ನಾಕ ಅಕ್ಷರ ಬರತಾವಂದ್ರ ಅವು ಟಾಂಗಾದಾಗ ಕುಂತವರಿಂದ ಕಲ್ತದ್ದು. ಅದಕ್ಕ ನನ್ನ ಬರವಣಗಿ ಒಂದೀಟ ಕುಲುಕತೈತಿ.

ಹಿಂದಿನ ಟಾಂಗಾದ ಹಿರ್ಯಾ

ದೊಡ್ಡ ಲಡಾಯಿ ಮುಗದಿತ್ತು, ಇಂಗ್ರೇಜರು ಇನ್ನ ಗಂಟು ಕಟ್ಟಿರಲಿಲ್ಲ. ನನಗ ಮೀಸಿ ಹುರಿ ಮಾಡೂ ವಯಸ್ಸು. ಆ ಮೀಸಿ ಮ್ಯಾಲ ಎರಡ ನಿಂಬಿಹಣ್ಣ ನಿಂದರತಿದ್ವು. ನೋಡಿದವರು ಈಗ ಯಾರೂ ಉಳದಿಲ್ಲ, ಅದಕ್ಕ ನೀವು ನಂಬೂದ ಪಾಡ.

ಮೀಸಿ ಇದ್ರೇನು, ರಾತ್ರಿ ಹಗಲು ಒಂದ ಚಿಂತಿ. ಬಬಲೇಶ್ವರದಾಗ ನನ್ನ ಸೋದರಮಾಂವ. ಅವನ ಮಗಳನ್ನ ನನಗ ಕೊಡೂದಂತ ಆಕಿ ತೊಟ್ಟಿಲದಾಗಿದ್ದಾಗಿಂದ ಮಾತಿತ್ತು. ನಮ್ಮಪ್ಪ ತೀರಕೊಂಡ ಮ್ಯಾಲ ಮಾಂವನ ಮಾತ ಸಡ್ಲ ಆತು.

"ಸುಮ್ನ ಬಂದು ಹೆಣ್ಣ ಕೊಡ ಅಂದ್ರ ಕೊಡಾಕ ಅದೇನ ಕುಂಬಳಕಾಯೇನಲೇ?" ಅಂದ. "ಗಂಡಿನ ಕಡಿಂದ ಒಬ್ಬ ಹಿರ್ಯಾ ಬರಬೇಕು. ಕಂಬಳಿ ಮ್ಯಾಲ ಕುಂತು ಕೇಳಬೇಕು. ನಾಕ ಊರ ಮಂದಿ ಮಾತಾಡೂವಂಥಾ ಹಿರ್ಯಾ ಇದ್ರ ಕರಕೊಂಡ ಬಾ."

ನನಗೆಲ್ಲಿ ಹಿರ್ಯಾರು? ಟಾಂಗಾ ಸ್ಟ್ಯಾಂಡಿನಾಗ ನೆರತ ತಲಿಯವ ಒಬ್ಬಿದ್ದ. ಅವಗ ಒಗದ ಧೋತರ ಉಡಿಸಿ ಕರಕೊಂಡ ಹೋದ್ನಿ. ಮಾಂವ ಮರ್ಯಾದಿಲಿಂದ ಕೇಳಿದ, "ನೀವು ಇವಗ ಏನಾಗಬೇಕ್ರಿ?"

ಆ ಪುಣ್ಯಾತ್ಮ ಅಂದ, "ಪಾಳೇದಾಗ ಇವನ ಹಿಂದಿನ ಟಾಂಗಾ ನಂದರಿ."

ಅರ್ಧ ಊರ ಬೀಗರು

ಅದಾದ ಮ್ಯಾಲ ಸುದ್ದಿ ಬಂತು. ಹೊನವಾಡದ ತ್ವಾಟದ ಮನಿತನದವರು ಆಕಿನ್ನ ನೋಡಾಕ ಬರಾವ್ರು ಅದಾರಂತ. ಅಂಥಾ ಹೊತ್ತಿನ್ಯಾಗ ಟೇಶನ್ನಿಂದ ಇಬ್ಬರು ಇಳದ ಬಂದ್ರು.

ಒಬ್ಬ ನಮ್ಮ ದೇಶದವ, ದೊಡ್ಡ ಶಹರದ ಯುನಿವರ್ಸಿಟಿಯಾಗ ಸಮಾಜಶಾಸ್ತ್ರ ಕಲಿಸೂ ಪ್ರೊಫೆಸರು. ಕೋಟು, ಚಷ್ಮಾ, ಪುಸ್ತಕದ ಕನ್ನಡ. ಇನ್ನೊಬ್ಬ ಸಮುದ್ರದ ಆಚಿ ಯುನಿವರ್ಸಿಟಿಯ ಬಿಳೇ ಸಾಹೇಬ. ಇಂಗ್ರೇಜ ಅಲ್ಲ, ಬ್ಯಾರೆ ದೇಶದವ. ಉದ್ದ ಎಷ್ಟಂದ್ರ, ಟಾಂಗಾದಾಗ ಕುಂತ್ರ ಅವನ ಮೊಣಕಾಲು ಕುದರಿ ಬಾಲಕ್ಕ ಹತ್ತತಿದ್ವು. ಎರಡೂ ದೇಶದ ಯುನಿವರ್ಸಿಟಿ ಕೂಡಿ ಸಂಶೋಧನಾ ಮಾಡಾವ್ರಂತ. ಏನ ಸಂಶೋಧನಾ? ನಮ್ಮ ಕಡೆ ಒಂದ ಮನ್ಯಾಗ ಎಷ್ಟ ಮಂದಿ ಇರತಾರ, ಹೆಣ್ಣ ಯಾರಿಗಿ ಕೊಡತಾರ, ಯಾರಿಂದ ತರತಾರ! ಇದಕ್ಕ ಹಡಗ ಯಾಕ ಹತ್ತಬೇಕ್ರಿ? ನಮ್ಮ ಮಾಂವನ ಹೇಣ್ತಿ ಅತ್ತಿನ್ನ ಕೇಳಿದ್ರ ಏಳ ತಲಿದು ರೊಟ್ಟಿ ಬಡಕೋತ ಹೇಳತಿದ್ಳು.

ಪ್ರೊಫೆಸರು ಕೇಳಿದ, "ಟಿಕೋಟಾ, ಬಬಲೇಶ್ವರದ ಕಡೆ ನಿಮಗೆ ಪರಿಚಯದವರು ಇದ್ದಾರೆಯೇ?"

"ಅರ್ಧ ಊರ ನಮ್ಮ ಬೀಗರ್ರಿ," ಅಂದ್ನಿ. "ಉಳದರ್ಧ ಆಗಬೇಕಂತ ಕಾಯಾಕತ್ತೈತ್ರಿ."

"ಕುದುರೆ ಗಟ್ಟಿಯಾಗಿದೆಯೇ?"

"ಟಿಕೋಟಾದಾಗ ಕೆನದ್ರ ಇಲ್ಲಿ ಗೋಳಗುಮ್ಮಟದಾಗ ಏಳ ಸಲ ಕೇಳತೈತ್ರಿ."

ಪ್ರೊಫೆಸರು ಇದನ್ನ ಇಂಗ್ಲೀಷಿನ್ಯಾಗ ಸಾಹೇಬಗ ಹೇಳಿದ. ಸಾಹೇಬ ಖರೇ ತಿಳಕೊಂಡ. ಟಿಕೋಟಾ ಮುಟ್ಟೂತನಾ ಹೊಲ ನೋಡಲಿಲ್ಲ, ಗಿಡ ನೋಡಲಿಲ್ಲ, ಕುದರಿ ಬಾಯಿನ ನೋಡಕೋತ ಕುಂತ. ಕುದರಿಗಿ ನಾಚಿಗಿ ಬಂದು ಆ ದಿನ ಮೇವ ಸುದ್ದಾ ತಿನ್ನಲಿಲ್ಲ.

ಒಬ್ಬ ಮುತ್ಯಾ, ಮೂರ ಮನಿ

ಮೊದಲನೇ ಊರು ಟಿಕೋಟಾ. ಆಗ ಸರಕಾರದವರು ಬಂದು ರೈತರ ಜ್ವಾಳಾ ಲೇವಿ ಅಂತ ಅಳಕೊಂಡ ಒಯ್ಯೂ ಕಾಲ. ಸಕ್ಕರಿ ಮಾತ್ರ ರೇಶನ್, ತಲಿಗಿ ಇಷ್ಟ ಅಂತ. ಬಿಳೇ ಮನಷ್ಯಾ ಬಂದು "ಮನೆಯಲ್ಲಿ ಎಷ್ಟು ಜನ?" ಅಂತ ಕೇಳಿದ್ರ ಮಂದಿ ಏನ ತಿಳಕೋಬೇಕು? ಜ್ವಾಳಾ ಕೇಳಿದ್ರ "ಹಗೇವು ಖಾಲಿ ಐತ್ರಿ" ಅಂದ್ರು. ತಲಿ ಕೇಳಿದ್ರ ಸತ್ತವರನ್ನೂ ಎಬ್ಬಿಸಿ ಕುಂದ್ರಿಸಿದ್ರು.

ಮೊದಲನೇ ಮನ್ಯಾಂವ ಅಂದ, "ನಮ್ಮ ಮುತ್ಯಾ ನೂರ ದಾಟ್ಯಾನ್ರಿ, ಇನ್ನ ಗಟ್ಟಿ ಅದಾನ."

ಸಾಹೇಬಗ ಖುಷಿ ಆತು. ಆ ಮುತ್ಯಾನ ಕೂಡ ಮಾತಾಡಬೇಕಂತ ಹಟ ಹಿಡದ. ಆ ಮುತ್ಯಾ ಸತ್ತು ಅವನ ಗದ್ದಗಿ ಮ್ಯಾಲ ಬೇವಿನ ಗಿಡ ಬೆಳದಿತ್ತು! ಮನ್ಯಾಂವ ಹಿತ್ತಲಿಂದ ಓಡಿ ಹೋಗಿ, ಕಟ್ಟಿ ಮ್ಯಾಲ ತಂಬಾಕ ತಿಕ್ಕೋತ ಕುಂತಿದ್ದ ಮುದುಕನ್ನ ಎತ್ತಕೊಂಡ ಬಂದ. ಎರಡನೇ ಮನಿಗಿ ಹೋದ್ವಿ. ಅಲ್ಲೂ ಮುತ್ಯಾ ಜೀವಂತ, ಅಲ್ಲೂ ಅದ ಮುದುಕ. ತಲಿಗಿ ಪಟಗಾ ಅಷ್ಟ ಬ್ಯಾರೆ.

ಸುಳ್ಳ ಹೊರಗ ಬಿದ್ರ ಪ್ರೊಫೆಸರು ನನ್ನ ಕೆಲಸದಿಂದ ಬಿಡಿಸತಿದ್ದ. ಯುನಿವರ್ಸಿಟಿ ನೌಕರಿ ಸಿಕ್ಕೈತಿ ಅಂತ ಮಾಂವಗ ಆಗಲೇ ಹೇಳಿ ಕಳಿಸಿದ್ನಿ.

ಮೂರನೇ ಮನ್ಯಾಗ ಮುದುಕ ಸೋತು ನನ್ನ ಕಿವ್ಯಾಗ ಕೇಳಿದ, "ಯಪ್ಪಾ, ಈ ಮನ್ಯಾಗ ನಾ ಮುತ್ಯಾ ಏನು, ಕಾಕಾ ಏನು? ಲಗೂ ಹೇಳು, ಕೆಮ್ಮ ಬರಾಕತ್ತೈತಿ."

ಸಾಹೇಬ ಮುದುಕನ ಮಾರಿ ನೋಡಿದ. ಮತ್ತೊಮ್ಮಿ ನೋಡಿದ. ಸತ್ನೆಲೇ ಅಂದ್ಕೊಂಡ್ನಿ. ಸಾಹೇಬ ಎದ್ದ ನಿಂತು ಪ್ರೊಫೆಸರನ ಕೈ ಕುಲುಕಿ ಏನೋ ಒದರಿದ. ಪ್ರೊಫೆಸರು ನನಗ ತಿಳಿಸಿದ, "ಮೂರು ಮನೆಗಳು ಸೇರಿ ಒಬ್ಬನೇ ಅಜ್ಜನನ್ನು ಹೊಂದುವ ಪದ್ಧತಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲವಂತೆ!"

ಪ್ರಶ್ನಾವಳಿಯಾಗ ಇಲ್ಲದ ಮಾತು

ಮುಂದಿನ ಊರು ಕಳ್ಳಕವಟಗಿಯೊಳಗ ಹೆಣ್ಣಿನ ಪ್ರಶ್ನಿ ಚಾಲೂ ಆದ್ವು. "ನಿಮಗೆ ಹೆಣ್ಣುಮಕ್ಕಳು ಎಷ್ಟು? ಯಾರಿಗೂ ಕೊಡದವರು ಎಷ್ಟು? ಸೋದರಮಾವನ ಮನೆತನ ಯಾವುದು?"

ನಮ್ಮ ಕಡೆ ಇಂಥಾ ಮಾತ ಯಾರ ಕೇಳತಾರ್ರಿ? ಹೆಣ್ಣ ನೋಡಾಕ ಬಂದವರ ಕೇಳತಾರ! ಒಂದ ಮನ್ಯಾಗ ಕೇಳೂದರಾಗ ಮಗಳಿಗಿ ಇಳಕಲ್ ಸೀರಿ ಉಡಿಸಿ, ಕೈಯಾಗ ಅವಲಕ್ಕಿ ತಾಟ ಕೊಟ್ಟ ಕಳಿಸಿದ್ರು. ಮನಿ ಹಿರೇ ಹೆಣ್ಮಗಳು ನನ್ನ ಹಿತ್ತಲಕ್ಕ ಕರದು ಕೇಳಿದ್ಳು, "ಹುಡಗ ಕೆಂಪಗ ಅದಾನ, ಛಲೋ ಆತು. ಹೊಲ ಎಷ್ಟ ಐತ್ಯಪ್ಪಾ?"

"ಯವ್ವಾ, ಇಂವ ಮದಿಮಗಾ ಅಲ್ಲಬೇ!"

"ಹಂಗಾರ ಯಾಕ ಇಷ್ಟ ಕೇಳತಾನ? ಸುಮ್ನ ಕೇಳೂ ಮಂದಿ ಯಾರರ ಇರತಾರೇನು?"

ನಾ ಓಡಿ ಬಂದು ಪ್ರೊಫೆಸರಗ ತಿಳಿಸಿ ಹೇಳಿದ್ನಿ. "ಸಾಹೇಬ್ರ, ಹೆಣ್ಣ ನೋಡಾಕ ಬಂದವರು ಅವಲಕ್ಕಿ ತಿನ್ನಬೌದು, ಚಾ ಕುಡೀಬೌದು. ಕಂಬಳಿ ಮ್ಯಾಲ ಕುಂತು ಹೋಳಿಗಿ ಮಾತ್ರ ಮುಟ್ಟಬಾರದ್ರಿ. ಹೋಳಿಗಿ ಮುಟ್ಟಿದ್ರ ಲಗ್ನ ಖಾಯಂ ಆದಂಗ. ಬಿಳೇ ಸಾಹೇಬಗ ಇದನ್ನ ಹೇಳಿ ಬಿಡ್ರಿ."

ಯಾಕಂದ್ರ ಸಾಹೇಬಂದು ಒಂದ ನೇಮ ಇತ್ತು, ಮಂದಿ ಏನ ಕೊಟ್ರೂ ಒಲ್ಲೆ ಅನಬಾರದು. ಪ್ರೊಫೆಸರಂದು ಇನ್ನೊಂದ ನೇಮ, ಯಾರ ಮನ್ಯಾಗೂ ಏನೂ ಮುಟ್ಟಬಾರದು, ಮಂದಿ ವ್ಯವಹಾರದಾಗ ಕೈ ಹಾಕಬಾರದು. ಟಾಂಗಾದಾಗ ದಿನಾ ಇದ ಜಗಳ. ಪ್ರೊಫೆಸರು ತನ್ನ ಛಾಪಿಸಿದ ಹಾಳಿ ಮ್ಯಾಲಿಂದ ಕೆಳತನಕ ನೋಡಿದ.

"ಹೋಳಿಗೆಯ ವಿಷಯ ನಮ್ಮ ಪ್ರಶ್ನಾವಳಿಯಲ್ಲಿ ಇಲ್ಲ," ಅಂದು ಮಡಚಿ ಕಿಸೇದಾಗ ಇಟ್ಟ.

ಕಂಬಳಿ ಮ್ಯಾಲ

ನನ್ನ ಕುದರಿ ಗಾಳಿಗಿಂತ ಜೋರ ಓಡತಿತ್ತು, ಆದ್ರ ಹೆಣ್ಮಕ್ಕಳ ಬಾಯಾಗಿನ ಸುದ್ದಿ ಅದನ್ನೂ ಹಿಂದ ಹಾಕಿತ್ತು. ಬಬಲೇಶ್ವರ ಮುಟ್ಟೂದರಾಗ ಊರೆಲ್ಲಾ ಮಾತು, ಕೆಂಪ ಮದಿಮಗಾ ಬರಾಕತ್ತಾನಂತ. ಪ್ರೊಫೆಸರನ ಹಾಳ್ಯಾಗ ಮೊದಲನೇ ಮನಿ ನಮ್ಮ ಮಾಂವಂದ. ಬೀಗರ ಬಡಾಯಿ ಹೊಡದು ನಾನ ಬರಸಿದ್ನಿ. ಹೋಗಿ ನೋಡತೀನಿ, ಬಾಗಲ ಮುಂದ ಹೊನವಾಡದವರ ಸವಾರಿ ಬಂಡಿ!

ನನ್ನ ಕಾಲು ಹೊಸ್ತಿಲಕ್ಕ ಮೊಳಿ ಹೊಡದಂಗ ನಿಂತ್ವು. ಹೊನವಾಡದವರು ಹೆಣ್ಣ ನೋಡಿ ಅವಲಕ್ಕಿ ತಿಂದು, "ನಾಕ ಮಾತ ಹೊರಗ ಆಡಕೊಂಡ ಬರತೀವ್ರಿ" ಅಂತ ಬೇವಿನ ಗಿಡದ ಬುಡಕ ಹೋಗಿದ್ರು. ಮಾಂವ, ಊರಗೌಡ ಆಚಿ ನಿಂತು ಕಾಯಾಕತ್ತಿದ್ರು. ಒಳಗ ಅತ್ತಿ ಒಬ್ಬಾಕಿ, ಬೀಗರು ಹೂಂ ಅಂದ್ರ ಬಡಸಾಕಂತ ಹೋಳಿಗಿ ಮಾಡಿ ಇಟ್ಟಿದ್ಳು. ಇನ್ನೊಂದ ಗಳಿಗಿನ್ಯಾಗ ನನ್ನ ಜಲ್ಮ ಮುಗಿಯೂದಿತ್ತು.

ಸಾಹೇಬ ಬಾಗಿ ಒಳಗ ಬಂದವನ ಸೀದಾ ಬೀಗರಿಗಿ ಹಾಸಿದ್ದ ಕಂಬಳಿ ಮ್ಯಾಲ ಕುಂತ.

ಅತ್ತಿ ಸಾಹೇಬನ್ನ ನೋಡಿದ್ಳು. ನನ್ನ ನೋಡಿದ್ಳು. ನನ್ನ ಮಾರಿ ಮ್ಯಾಲ ಏನ ಬರದಿತ್ತೋ, ಅಡಗಿಮನಿ ಕಡೆ ತಿರಗಿದ್ಳು. ತಾಟ ತಗೊಂಡು ಹೋಳಿಗಿ ಹಾಕಿ, ಮ್ಯಾಲ ತುಪ್ಪ ಸುರದು ಸಾಹೇಬನ ಮುಂದ ಇಟ್ಳು. ಬ್ಯಾಡ ಬ್ಯಾಡ ಅಂತ ನಾ ಎರಡೂ ಕೈ ಬೀಸಿದ್ನಿ. ಸಾಹೇಬ ಅದನ್ನ ಉಪಚಾರ ಅಂತ ತಿಳಕೊಂಡ. ಉಂಡ. ಮತ್ತೊಂದ ಬೇಡಿ ಉಂಡ. ಒಳಗ ಬಾಗಲ ಮರಿಗಿ ಬಳಿ ಸಪ್ಪಳ, ಯಾರೋ ಬಾಯಿಗಿ ಸೆರಗ ಹಚ್ಚಿ ನಗಾಕತ್ತಿದ್ರು. ಯಾರಂತ ನನಗ ಗೊತ್ತಿತ್ತು, ನಗಿ ಮಾತ್ರ ನನಗ ಬರಲಿಲ್ಲ.

ಮಾಂವ ಒಳಗ ಬಂದವನ ಚೀರಿದ, "ಯಾಂವಲೇ ಇಂವ, ಬೀಗರ ಹೋಳಿಗಿ ತಿನ್ನಾಕತ್ತಾನ!"

"ತಡಿಯೋ," ಅಂದ ಹಿಂದ ಬಂದ ಗೌಡ. "ಕಂಬಳಿ ಮ್ಯಾಲ ಕುಂತಾನ, ಹೋಳಿಗಿ ಮುಟ್ಟ್ಯಾನ. ಕೆಂಪ ಮದಿಮಗಾ ಇವನ ಇರಬೇಕು. ಇನ್ನ ಹೆಣ್ಣ ಇವಂದ ಆತಲ್ಲೋ!"

ಹೊನವಾಡ ಆಗಿದ್ರ ಟಾಂಗಾದಾಗರ ಹೋಗಿ ಆಕಿನ್ನ ದೂರಿಂದ ನೋಡಿ ಬರತಿದ್ನಿ. ಸಮುದ್ರದಾಗ ಟಾಂಗಾ ಓಡತೈತೇನ್ರಿ?

"ಯಾರ ಕಡಿಂದ ಬಂದಾನಂತ ಕೇಳ್ರಿ," ಅಂದ ಗೌಡ, ಪ್ರೊಫೆಸರಗ.

"ಸಂಶೋಧಕರು ಮಧ್ಯೆ ಬಾಯಿ ಹಾಕುವಂತಿಲ್ಲ," ಅಂದ ಪ್ರೊಫೆಸರು. ಮಾಂವ ಕೈಯಾಗ ಬಾರಕೋಲ ತಗೊಂಡ ಮ್ಯಾಲ ಪ್ರೊಫೆಸರು ಸಾಹೇಬನ್ನ ಕೇಳಿದ.

ಸಾಹೇಬನ ಬಾಯಿ ತುಂಬ ಹೋಳಿಗಿ. ಮಾತಾಡಾಕ ಬರದ ತುಪ್ಪದ ಬೊಟ್ಟ ಎತ್ತಿ ನನ್ನ ಕಡೆ ತೋರಿಸಿದ.

ಪ್ರೊಫೆಸರು ತಿಳಿಸಿದ, "ಇವನ ಕಡೆಯಿಂದ. ಇವನ ಜೊತೆ ಬಂದಿದ್ದಾರಂತೆ."

ಗೌಡ ಮಾಂವನ ಕಡೆ ತಿರಗಿದ. "ಹಂಗಾರ ಇಂವ ಮದಿಮಗಾ ಅಲ್ಲ, ಗಂಡಿನ ಕಡಿ ಹಿರ್ಯಾ. ನೀ ಏನ ಕೇಳಿದ್ದಿ? ನಾಕ ಊರ ಮಂದಿ ಮಾತಾಡೂವಂಥಾ ಹಿರ್ಯಾ ಬೇಕಂತ. ಟಿಕೋಟಾದಿಂದ ಇಲ್ಲೀತನಾ ಇವಂದ ಮಾತು. ಬಂದಾನ, ಕುಂತಾನ, ಉಂಡಾನ. ಇನ್ನೇನ ಬೇಕು?"

"ಖರೇರಿ," ಅಂದ ಮಾಂವ, "ಆದ್ರ ನಮ್ಮ ಹುಡಗಗ ಇಂವ ಏನಾಗಬೇಕು?"

ಒಳಗಿಂದ ಅತ್ತಿ ಒದರಿದ್ಳು, "ಹಿಂದಿನ ಟಾಂಗಾದವ ಅಂತೂ ಅಲ್ಲಲ್ಲ! ಅದ ಟಾಂಗಾದಾಗ ಕುಂತ ಬಂದಾನ!"

ಹೊನವಾಡದವರು ಹೂಂ ಅನಾಕಂತ ಬಂದ್ರು, ಖಾಲಿ ತಾಟ ನೋಡಿದ್ರು, ಚಪ್ಪಲಿ ಮೆಟ್ಟಿದ್ರು. "ಒಬ್ಬರು ಉಂಡ ಕಂಬಳಿ ಮ್ಯಾಲ ನಾವು ಕುಂದ್ರಂಗಿಲ್ಲ," ಅಂದ ಅವರ ಹಿರ್ಯಾ. ಅವರ ಹುಡಗ ಮಾತ್ರ ಬಂಡಿ ತಿರಗೂತನಾ ಹೋಳಿಗಿ ಬುಟ್ಟಿನ ನೋಡಾಕತ್ತಿದ್ದ.

ಲಗ್ನದಾಗ ಸಾಹೇಬ ಪಟಗಾ ಸುತ್ತಕೊಂಡು ನಮ್ಮಪ್ಪನ ಜಾಗಾದಾಗ ಕುಂತ. ಅಕ್ಕಿಕಾಳ ಬಿದ್ದಾಗ ಗೋಳಗುಮ್ಮಟದಾಗ ಏಳ ಸಲ ಕೇಳೂವಂಗ ಕುದರಿ ಕೆನೀತು. ಇದು ಖರೆ, ನನ್ನ ಹೇಣ್ತಿನ್ನ ಕೇಳ್ರಿ.

ಅವರು ಊರ ಬಿಡೂ ದಿನ ಟೇಶನ್ನಿನ್ಯಾಗ ಪ್ರೊಫೆಸರು ಹಾಳಿ ತಗದ. "ಸಾಹೇಬರು ಇಷ್ಟು ದಿನ ಸುತ್ತಿದರೂ ಒಂದು ಮುಖ್ಯ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲವಂತೆ. ನಿಮ್ಮ ಕಡೆ ಹೆಣ್ಣನ್ನು ಯಾರಿಗೆ ಕೊಡುತ್ತಾರೆ?"

ನಾ ಮೀಸಿ ತಿರಿವಿ ಅಂದ್ನಿ, "ಬರಕೋರ್ರಿ. ಯಾರ ಹಿರ್ಯಾ ಹೆಚ್ಚ ಹಸದ ಬಂದಿರತಾನ, ಅವಗ ಕೊಡತಾರ್ರಿ."