ಪಗಾರದ ಕೈ

ಎಲ್ಲಕ್ಕೂ ಮೂಲ ಒಂದು ಮಂಗ. ಹಾನಗಲ್ಲಿನ ವಕೀಲ ಕುಬೇರಪ್ಪನವರು ಕಕ್ಷಿದಾರನೊಬ್ಬನನ್ನು ಕಾಣಲು ತಿಳವಳ್ಳಿಗೆ ಹೋದಾಗ, ಆ ಮಂಗ ಅವರ ಜರಿಯ ರುಮಾಲನ್ನು ಕಿತ್ತುಕೊಂಡು ಹುಣಸೆಮರ ಏರಿತು. ಊರಿಗೆ ಊರೇ ಬಾಳೆಹಣ್ಣು ಹಿಡಿದು ಬೇಡಿಕೊಂಡರೂ ಇಳಿಯಲಿಲ್ಲ. ಆಗ ಪಕ್ಕದ ಜೋಳದ ಹೊಲದಲ್ಲಿ ಗಿಳಿ ಓಡಿಸುತ್ತ ಕಾವಲಿದ್ದ ಉಳಿವೆಪ್ಪ, ನಿಂತಲ್ಲಿಂದಲೇ ಒಂದು ಕಲ್ಲು ಬೀಸಿದ. ಕಲ್ಲು ರುಮಾಲಿಗೆ ತಾಗಿತು, ಮಂಗಕ್ಕೆ ತಾಗಲಿಲ್ಲ. ರುಮಾಲು ನೇರವಾಗಿ ವಕೀಲರ ಮುಂದೆ ಬಂದು ಬಿತ್ತು.

"ಅಬಬಬಾ! ಇದೇನ್ ಕೈಯೋ ಮಾರಾಯಾ!" ಎಂದರು ವಕೀಲರು.

ಬೇರೆಯವರಾಗಿದ್ದರೆ ಶಾಬಾಸ್ ಹೇಳಿ ಗಾಡಿ ಹತ್ತುತ್ತಿದ್ದರು. ಆದರೆ ಕುಬೇರಪ್ಪನವರು ಹಾನಗಲ್ಲಿನ ಕ್ರಿಕೆಟ್ ತಂಡದ ಕ್ಯಾಪ್ಟನ್. ಐದು ವರ್ಷಗಳಿಂದ ಸವಣೂರಿನವರ ಕೈಯಲ್ಲಿ ಸೋತು ಸೋತು, ಕೋರ್ಟಿನಲ್ಲೂ ಅವರಿಗೆ ತಲೆ ಎತ್ತಲಾಗುತ್ತಿರಲಿಲ್ಲ. ಅಲ್ಲೇ ನಿಂತು ಮಾತು ಮುಗಿಸಿಬಿಟ್ಟರು.

"ನಮ್ಮ ಕ್ಲಬ್ಬಿನ್ಯಾಗ ನಿನಗ ನೌಕರಿ. ತಿಂಗಳಾ ಪಗಾರ ಕೊಡ್ತೇವಿ. ಕೆಲಸ ಏನಪಾ ಅಂದ್ರ ಚೆಂಡು ಒಗಿಯೂದು. ಬರೂ ರವಿವಾರ ಸವಣೂರಾಗ ಗೆದ್ರ ನೌಕರಿ ಕಾಯಂ."

"ಒಗಿಯೂದಕ್ಕ ಪಗಾರ ಕೊಡ್ತಾರೇನ್ರಿ?" ಎಂದು ಉಳಿವೆಪ್ಪ ಮೂರು ಸಲ ಕೇಳಿದ. ಹುಟ್ಟಿದಾಗಿನಿಂದ ಕಲ್ಲು ಒಗೆಯುತ್ತಲೇ ಬಂದವನು, ಪಾಪ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ಕಡೆ ಹುಡುಕಿದರೂ ಆಟ ಆಡಿ ಸಂಬಳ ಎಣಿಸಿದ ಒಬ್ಬನೇ ಒಬ್ಬ ಆಗ ಸಿಗುತ್ತಿರಲಿಲ್ಲ.

ಅವನಿಗೆ ಪಗಾರ ಬೇಕಾಗಿದ್ದುದು ಹೊಟ್ಟೆಗಲ್ಲ, ಮದುವೆಗೆ. ಬಂಕಾಪುರದ ಸೋದರಮಾವ ಗುದ್ಲೆಪ್ಪನ ಮಗಳು ಮಾದೇವಿ ಇವನಿಗೇ ಎಂದು ತೊಟ್ಟಿಲಲ್ಲೇ ಮಾತಾಗಿತ್ತು. ಈಗ ಗುದ್ಲೆಪ್ಪ ಹಟ ಹಿಡಿದಿದ್ದ. "ಪಗಾರ ತರಾಂವಗ ಮಗಳನ್ನ ಕೊಡ್ತೇನಿ. ಗಿಳಿ ಓಡಿಸಾಂವಗ ಕೊಡೂದಿಲ್ಲ" ಎಂದು ತಂಗಿಯ, ಅಂದರೆ ಉಳಿವೆಪ್ಪನ ತಾಯಿಯ, ಮುಖಕ್ಕೇ ಹೇಳಿ ಕಳಿಸಿದ್ದ.

ರವಿವಾರ ಬೆಳಿಗ್ಗೆ ಇದ್ದಲಿನ ಮೋಟಾರು ಹಾನಗಲ್ಲಿನಿಂದ ಕೆಮ್ಮುತ್ತ ಹೊರಟಿತು. ಯುದ್ಧದ ಕಾಲ, ಪೆಟ್ರೋಲು ಕಣ್ಣಿಗೂ ಬೀಳುತ್ತಿರಲಿಲ್ಲ. ಏರು ಬಂದಲ್ಲೆಲ್ಲ ತಂಡದವರೇ ಇಳಿದು ನೂಕಿದರು. ಉಳಿವೆಪ್ಪ ಮಾತ್ರ ಕೂತೇ ಇರಬೇಕು, ಕೈ ಸವೆದೀತು ಎಂದು ವಕೀಲರ ಅಪ್ಪಣೆ. ವಕೀಲರದೇ ಹಳೆಯ ಬಿಳಿ ಪ್ಯಾಂಟಿನೊಳಗೆ ಇವನಂಥ ಇಬ್ಬರು ಹಿಡಿಸುತ್ತಿದ್ದರು. ಜಾರದಂತೆ ಅದನ್ನು ಹಗ್ಗದಿಂದ ಬಿಗಿದಿದ್ದರು. ಜೊತೆಗೆ ಎಲುಬು ಕೂಡಿಸುವ ಅಜ್ಜಪ್ಪನೂ ಇದ್ದ. ದನದ ಕಾಲೂ ಮನುಷ್ಯರ ಕಾಲೂ ಅವನಿಗೆ ಒಂದೇ. ಬಂಕಾಪುರದಲ್ಲಿ ಗುದ್ಲೆಪ್ಪ ಮಗಳನ್ನು ಕರೆದುಕೊಂಡು ಹತ್ತಿದ.

"ಪಗಾರದ ಆಟ ಹೆಂಗಿರ್ತೈತಿ, ನನ್ನ ಕಣ್ಣೀಲೆ ನೋಡಬೇಕು" ಎಂದ. ಮಾದೇವಿ ಉಳಿವೆಪ್ಪನ ಪ್ಯಾಂಟು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

ಮೊದಲು ಹಾನಗಲ್ಲಿನವರು ಆಡಿ ಅರವತ್ತೆರಡಕ್ಕೆ ಎಲ್ಲರೂ ಔಟಾದರು. ಆಮೇಲೆ ಸವಣೂರಿನ ಕ್ಯಾಪ್ಟನ್ ಬಂದೇಸಾಬ ಮೀಸೆ ತೀಡುತ್ತ ಬ್ಯಾಟು ಹಿಡಿದು ಬಂದ. ಎಲೆ ತೋಟದ ಧಣಿ, ಧಾರಾಳ ಮನುಷ್ಯ, ಆದರೆ ಸೋಲು ಎಂಬುದು ಆತನ ಮನೆತನಕ್ಕೇ ಗೊತ್ತಿರಲಿಲ್ಲ. ಉಳಿವೆಪ್ಪ ಎಸೆದ ಮೊದಲನೆಯ ಚೆಂಡಿಗೆ ಅವನ ಹಿಂದಿನ ಮೂರೂ ಗೂಟ ಕಿತ್ತು ಹಾರಿದವು. ಗುದ್ಲೆಪ್ಪ ಎದ್ದು ನಿಂತು "ನಮ್ಮಳಿಯಾ!" ಎಂದು ಒದರಿದ.

ಅಂಪೈರು ಕೈ ಚಾಚಿ "ನೋ ಬಾಲ್" ಎಂದರು.

ಪಲ್ಟಣಿನಿಂದ ನಿವೃತ್ತರಾಗಿ ಬಂದಿದ್ದ ಡಾಕ್ಟರ್ ಸಾಹೇಬರೇ ಅಂಪೈರು. ಕ್ರಿಕೆಟ್ಟಿನಲ್ಲಿ ಚೆಂಡು ಹಾಕುವಾಗ ಮೊಣಕೈ ಮಡಚಬಾರದು, ಕಲ್ಲು ಬೀಸಿದಂತೆ ಬೀಸಬಾರದು ಎಂದು ಅವರು ಸಮಾಧಾನವಾಗಿ ತಿಳಿಸಿದರು. ಉಳಿವೆಪ್ಪ ಮತ್ತೆ ಗೂಟ ಕಿತ್ತ. ಮತ್ತೆ ನೋ ಬಾಲ್. ಹನ್ನೊಂದು ಸಲ ಗೂಟ ಕಿತ್ತರೂ ಬಂದೇಸಾಬ ನಿಂತಲ್ಲೇ ನಿಂತಿದ್ದ. ಸವಣೂರಿಗೆ ಪುಕ್ಕಟೆ ರನ್ನು ಏರುತ್ತಲೇ ಇದ್ದವು.

"ವಕೀಲಸಾಬ್ರ, ಗೂಟ ಬಡಿಯಾಕ ಒಂದ್ ಆಳು ಹಚ್ಚೂಣೇನ್ರಿ?" ಎಂದು ಬಂದೇಸಾಬ ನಕ್ಕ.

ಊಟದ ಬಿಡುವಿನಲ್ಲಿ ಎಲ್ಲರೂ ಸವಣೂರಿನ ಖಾರಾ ತಿಂಡಿ ತಿನ್ನುತ್ತ ಉಳಿವೆಪ್ಪನಿಗೆ ಬುದ್ಧಿ ಹೇಳಿದರು. ಒಬ್ಬ ಉಸಿರು ಬಿಗಿಹಿಡಿ ಎಂದ, ಇನ್ನೊಬ್ಬ ಎಡಗಾಲು ಮುಂದಿಡು ಎಂದ.

"ಮಡಚಬಾರ್ದು ಅಂತ ನನಗ ಗೊತ್ತಾಕ್ಕೈತ್ರಿ. ಕೈಗೆ ಗೊತ್ತಾಗವಲ್ದು" ಎಂದ ಉಳಿವೆಪ್ಪ. ಅಳುವುದೊಂದು ಬಾಕಿ.

ಅಜ್ಜಪ್ಪ ಎಲೆಅಡಿಕೆ ಉಗುಳಿ ಎದ್ದ. "ಅದಕ್ಯಾಕ ಇಷ್ಟು ಗದ್ಲಾ? ಮಡಚದಂಗ ಮಾಡೂದ ನನ್ನ ಧಂದೆ" ಎಂದು ಮೋಟಾರಿನ ಮರೆಯಲ್ಲಿ ಉಳಿವೆಪ್ಪನ ಬಲಗೈಗೆ ನಾಲ್ಕು ಬಿದಿರು ದಬ್ಬೆ ಇಟ್ಟು, ತೋಳಿನಿಂದ ಮಣಿಕಟ್ಟಿನವರೆಗೆ ಬಿಗಿಯಾಗಿ ಕಟ್ಟಿದ. ಮೇಲೆ ಉದ್ದ ತೋಳಿನ ಅಂಗಿ ತೊಡಿಸಿದರು.

ಮಧ್ಯಾಹ್ನದ ಆಟ ನೋಡಿದವರು ಅದನ್ನು ಬಹಳ ದಿನ ಮರೆಯಲಿಲ್ಲ. ಆ ಕೈ ಏತದ ಮರದ ಹಾಗೆ ಮೇಲೆದ್ದು ಇಳಿಯುತ್ತಿತ್ತು. ಚೆಂಡು ಎಲ್ಲಿ ಬಿದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಉಳಿವೆಪ್ಪನಿಗೂ ತಿಳಿಯದ ಮೇಲೆ ಸವಣೂರಿನವರಿಗೆ ಹೇಗೆ ತಿಳಿಯಬೇಕು? ಹತ್ತೂ ಜನ ಔಟಾದರು. ಹಾನಗಲ್ಲು ನಾಲ್ಕೇ ರನ್ನಿನಿಂದ ಗೆದ್ದಿತು. ಕೊನೆಯ ಚೆಂಡಿಗೆ ಮಾತ್ರ ದಬ್ಬೆಯೊಂದು ಲಟಕ್ಕನೆ ಮುರಿದು, ಅಂಗಿ ಹರಿದುಕೊಂಡು ಹೊರಗೆ ಇಣುಕಿತು.

"ಮೋಸ! ಕೈಗೆ ಬಿದಿರು ಕಟ್ಟ್ಯಾರ!" ಎಂದು ಬಂದೇಸಾಬ ಓಡಿ ಬಂದ. ಗುಂಪು ಸುತ್ತುವರಿಯಿತು.

ವಕೀಲರು ಇಂಥ ಸಮಯಕ್ಕೇ ಹುಟ್ಟಿದವರು. "ಮೋಸ ಅಂತೀರಲ್ರಿ, ನಾಲಿಗಿಯಾದ್ರೂ ಹೆಂಗ ಹೊಳ್ಳತೈತ್ರಿ? ಹುಡುಗನ ಕೈ ಮುರದೈತ್ರಿ! ಉಣ್ಣೂ ಹೊತ್ತಿನ್ಯಾಗ ಮೋಟಾರಿನಿಂದ ಬಿದ್ದ. ಬ್ಯಾಡೋ ಅಂದ್ರೂ ಕೇಳಲಿಲ್ಲ, ಊರ ಮಾನಾ ಉಳಸ್ತೇನಿ ಅಂದ" ಎಂದು ಕಣ್ಣೊರೆಸಿಕೊಂಡರು.

ಗದ್ದಲ ನಿಂತಿತು. ಬಂದೇಸಾಬ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಡಾಕ್ಟರು ಕೈ ನೋಡಲು ಬಂದರು. ವಕೀಲರು ಹಿಂದಿನಿಂದ ಕಣ್ಸನ್ನೆ ಮಾಡಿದರು. ಉಳಿವೆಪ್ಪ "ಯವ್ವಾ, ಸತ್ತೆನ್ರ್ಯೋ!" ಎಂದು ಕಿರುಚಿದ ರಭಸಕ್ಕೆ ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ಡಾಕ್ಟರು ಎದುರಿಗಿದ್ದ ತಮ್ಮ ಮನೆಯಿಂದ ಸಾಮಾನು ತರಿಸಿ, ಕೈ ನೀಟಾಗಿ ಚಾಚಿದ ಹಾಗೆಯೇ ಉದ್ದಕ್ಕೂ ಪ್ಲಾಸ್ಟರು ಹಾಕಿದರು. "ಒಂದು ವರ್ಷ ಈ ಕೈಯಿಂದ ಚೆಂಡು ಎಸೆಯುವಂತಿಲ್ಲ" ಎಂದು ಚೀಟಿಯನ್ನೂ ಬರೆದು ಕೊಟ್ಟರು.

ಗೆದ್ದವರಿಗೆ ಕೊಡುವ ಬೆಳ್ಳಿಯ ಕಪ್ಪು ವಕೀಲರ ಕಂಕುಳಿಗೆ ಬಂತು. ಉಳಿವೆಪ್ಪ ಅವರ ಕಿವಿಯಲ್ಲಿ ಕೇಳಿದ. "ನೌಕರಿ ಕಾಯಂ ಆತಲ್ರಿ?"

"ಹುಚ್ಚಪ್ಯಾಲಿ, ಒಂದ್ ವರ್ಸ ಒಗಿಯಾಕಾಗದ ಬೌಲರಗ ಪಗಾರ ಕೊಟ್ರ ಮಂದಿ ಏನಂತಾರ?"

"ನನ್ನ ಕೈ ಗಟ್ಟಿ ಐತಿ ಅಂತ ನಿಮಗ ಗೊತ್ತೈತೆಲ್ರಿ!"

"ನನಗ ಗೊತ್ತೈತಿ. ಬಂದೇಸಾಬಗ ಗೊತ್ತಾದ್ರ ಕಪ್ಪು ಕೈ ಬಿಟ್ಟು ಹೋಗತೈತಿ. ಬಾಯಿ ಮುಚ್ಚು."

ಗೆದ್ದು ಕಾಯಂ ಆಗಬೇಕಿದ್ದ ನೌಕರಿ ಸಂಜೆ ಐದಕ್ಕೆ ಹೋಗಿತ್ತು. ಉಳಿವೆಪ್ಪನಿಗೆ ದುಃಖ ತಡೆಯಲಾಗಲಿಲ್ಲ. ಗುಂಪಿನ ನಡುವೆ ನಿಂತು, "ನನ್ನ ಕೈ ಮುರದಿಲ್ರ್ಯೋ! ಖರೇನ ಮುರದಿಲ್ಲ!" ಎಂದು ಕೂಗಿದ.

"ಶಾಬಾಸ್! ಇಷ್ಟು ನೋವಿನ್ಯಾಗೂ ಎಂಥಾ ಧೈರ್ಯಾ ನೋಡ್ರಿ!" ಎಂದು ಬಂದೇಸಾಬ ಅವನನ್ನು ಅಪ್ಪಿಕೊಂಡ. ಜನ ಚಪ್ಪಾಳೆ ತಟ್ಟಿದರು.

"ಅಜ್ಜಪ್ಪಣ್ಣಾ, ನೀನರ ಹೇಳೋ!"

ಅಜ್ಜಪ್ಪನನ್ನು ವಕೀಲರು ಆಗಷ್ಟೇ ಬದಿಗೆ ಕರೆದು, ಕ್ಲಬ್ಬಿಗೆ ಕಾಯಂ ಎಲುಬು ಕೂಡಿಸುವವನನ್ನಾಗಿ ನೇಮಿಸಿದ್ದರು. ಪಗಾರ ಅದೇ, ಉಳಿವೆಪ್ಪನದು. ಅಜ್ಜಪ್ಪ ಒಮ್ಮೆ ಕೆಮ್ಮಿ, "ಮೂರು ಕಡೆ ಮುರದೈತ್ರಿ" ಎಂದ.

ಆದರೆ ಆಗ ಯಾರೂ ನೆನೆಸದ್ದೊಂದು ಆಯಿತು. ಗುದ್ಲೆಪ್ಪ ಗುಂಪು ಸೀಳಿಕೊಂಡು ಬಂದವನೇ ಅಳಿಯನ ತಲೆ ಸವರಿ ಗಳಗಳ ಅತ್ತ. "ಹೋಗಲಿ ಬಿಡೋ ತಮ್ಮಾ. ಮುರದ ಕೈಲೆ ಹತ್ತು ಮಂದಿನ್ನ ಕೆಡವಿದಿ! ಇಂಥಾ ಗಂಡು ನನಗೆಲ್ಲಿ ಸಿಗಬೇಕು? ಪಗಾರ ಇದ್ರೆಷ್ಟು ಬಿಟ್ರೆಷ್ಟು? ಬರೂ ತಿಂಗಳ ಮದವಿ!"

ಉಳಿವೆಪ್ಪನಿಗೆ ಆ ಕ್ಷಣದಿಂದ ಕೈ ನಿಜವಾಗಿಯೂ ನೋಯತೊಡಗಿತು. ಮರಳುವಾಗ ಮೋಟಾರಿನಲ್ಲಿ ಕಿಟಕಿಯ ಪಕ್ಕ ಕೂತು, ಮಡಚಲು ಬಾರದ ಕೈಯನ್ನು ಹೊರಗೆ ಚಾಚಿ, ಆಗಾಗ "ಹಾಯ್" ಎನ್ನುತ್ತಿದ್ದ. ಇಷ್ಟು ಸುಖ ಅವನು ಎಂದೂ ಉಂಡಿರಲಿಲ್ಲ.

ಬಂಕಾಪುರ ಬಂತು. ಗುದ್ಲೆಪ್ಪ ಮುಂದಾಗಿ ಇಳಿದ. ಮಾದೇವಿ ಇಳಿಯುವ ಮುಂಚೆ ಬಗ್ಗಿ ಪಿಸುಗುಟ್ಟಿದಳು.

"ನಿನ್ನ ಕೈ ಮುರದಿಲ್ಲ, ನನಗ ಗೊತ್ತೈತಿ."

"ಹೆಂಗ?"

"ಡಾಕ್ಟರ್ ಮುಟ್ಟೂಕಿಂತ ಮೊದಲ ಒದರಿದ್ಯಲ್ಲ!" ಎಂದು ಕಿಸಕ್ಕನೆ ನಕ್ಕಳು. ಉಳಿವೆಪ್ಪನೂ ನಕ್ಕ. ಇಷ್ಟು ಜಾಣೆ ತನಗೆ ಸಿಗುತ್ತಾಳಲ್ಲ ಎಂದು ಎದೆ ತುಂಬಿ ಬಂತು.

"ಅಪ್ಪ ದಾರೀ ತುಂಬ ಒಂದ ಸವನ ಮರಗಾಕತ್ತಿದ್ದ. ಪಾಪ, ನನ್ನ ಕೈಲೆ ನೋಡಾಕ ಆಗಲಿಲ್ಲ. ಅಳಬ್ಯಾಡಪ್ಪಾ, ಅಂವನ ಕೈ ಕಲ್ಲಿನಂಗ ಗಟ್ಟಿ ಐತಿ ಅಂತ ಈಗ ಅಂವ ಇಳಿಯೂ ಮುಂದ ಹೇಳಿಬಿಟ್ಟೆ" ಎಂದಳು ಮಾದೇವಿ, ಕಣ್ಣು ಹೊಳೆಸುತ್ತ.

ಕಿಟಕಿಯ ಕೆಳಗೆ ಗುದ್ಲೆಪ್ಪ ಬಂದು ನಿಂತಿದ್ದ. ಈಗ ಕಣ್ಣಲ್ಲಿ ನೀರಿರಲಿಲ್ಲ.

"ಮುರದ ಕೈಯಾಂವ ಅಂತ ಪಗಾರ ಮಾಫಿ ಮಾಡಿದ್ದೆ. ಗಟ್ಟಿ ಕೈಯಾಂವಗ ಯಾಕ ಮಾಫಿ? ಪಗಾರ ತಗೊಂಡು ಬಾ, ಮಗಳನ್ನ ಕೊಡ್ತೇನಿ" ಎಂದು, ಇಳಿದು ಬಂದ ಮಗಳ ರಟ್ಟೆ ಹಿಡಿದು ನಡೆದ.

"ಮಾವಾ! ಮೂರು ಕಡೆ ಮುರದೈತ್ಯೋ! ಅಜ್ಜಪ್ಪನ್ನ ಕೇಳು!" ಎಂದು ಉಳಿವೆಪ್ಪ ಕಿಟಕಿಯಿಂದ ಕೂಗಿದ. ಮೋಟಾರು ಹೊಗೆ ಕಾರುತ್ತ ಹೊರಟಿತು. ಪ್ಲಾಸ್ಟರಿನ ಕೈ ಕಿಟಕಿಯ ಹೊರಗೆ ಕುಲುಕಾಡುತ್ತಲೇ ಇತ್ತು. ಅವನು ತನಗೇ ಕೈ ಬೀಸುತ್ತಿದ್ದಾನೆಂದು ತಿಳಿದು, ಮಾದೇವಿಯೂ ಅಪ್ಪನ ಬೆನ್ನ ಹಿಂದಿನಿಂದ ಕೈ ಬೀಸಿದಳು.