ಧಣಿ ಹೇಳಿದರೂ ಸರಿಸಬಾರದು

ನಗು ಹುಡುಕಿಕೊಂಡು ನಾನು ಎಲ್ಲಿಗೂ ಹೋದವಳಲ್ಲ. ತೆಕ್ಕಟ್ಟೆಯಲ್ಲಿ ಮನೆ ಕಟ್ಟಿಸಿಕೊಡುವ ಕಂತ್ರಾಟುದಾರರ ಆಫೀಸಿನಲ್ಲಿ ಫೋನ್ ಎತ್ತಲು ಸೇರಿದೆ, ಅಷ್ಟೇ. ನಗುವೇ ಬಂದು ನನ್ನ ಕುರ್ಚಿಯ ಪಕ್ಕ ಕೂತಿತು.

ಯಾವ ಮನೆಯ ಯಾವ ಕೆಲಸ ಯಾವತ್ತು ಎಂದು ನೋಡಿಕೊಳ್ಳಲು ಧಣಿ ಒಂದು ಸಾಫ್ಟ್‌ವೇರ್ ಹಾಕಿಸಿದ್ದಾರೆ. ಅದರೊಳಗೆ ಒಂದು ಎಐ ಏಜೆಂಟ್. ಕೆಲಸ ಸೇರಿಸಲು, ದಿನ ಬದಲಿಸಲು, ಸುದ್ದಿ ತಿಳಿಸಲು ಅದಕ್ಕೆ ಒಂದೊಂದು ಟೂಲ್. ಪ್ರತಿ ಟೂಲಿಗೂ ನಾಲ್ಕು ಸಾಲಿನ ವಿವರಣೆ ಬರೆದಿಡಬೇಕು. ಏಜೆಂಟ್ ಅದನ್ನು ಓದಿ, ಯಾವುದನ್ನು ಯಾವಾಗ ಬಳಸಬೇಕೆಂದು ತೀರ್ಮಾನಿಸುತ್ತದೆ.

ಲಾರಿ ಹೊರಟಿದೆ

ಮೊದಲ ವಿವರಣೆಗಳನ್ನು ಬರೆದವನು ಸಾಫ್ಟ್‌ವೇರ್ ಹಾಕಿಕೊಟ್ಟ ಬ್ರಹ್ಮಾವರದ ಹುಡುಗ. ಸುದ್ದಿ ತಿಳಿಸುವ ಟೂಲಿಗೆ ಅವನು ಬರೆದದ್ದು ಇಷ್ಟೇ: 'ಸಂಬಂಧಪಟ್ಟವರಿಗೆ ತಿಳಿಸುತ್ತದೆ.'

ಒಂದು ದಿನ ಧಣಿ ಏಜೆಂಟಿಗೆ ಹೀಗೆ ಬರೆದರು: 'ತ್ರಾಸಿ ಮನೆಯ ಟೈಲ್ಸ್ ಇನ್ನೂ ಆರ್ಡರೇ ಆಗಿಲ್ಲ. ಮನೆಯವರು ಕೇಳಿದರೆ ಮಂಗಳೂರಿಂದ ಲಾರಿ ಹೊರಟಿದೆ ಎನ್ನಿ. ಎಲ್ಲರಿಗೂ ತಿಳಿಸು.' ತ್ರಾಸಿ ಮನೆಗೆ ಮನೆಯವರಿಗಿಂತ ಹೆಚ್ಚು ಸಂಬಂಧಪಟ್ಟವರು ಯಾರಿದ್ದಾರೆ? ಏಜೆಂಟ್ ಅಕ್ಷರ ಬಿಡದೆ ಅವರಿಗೇ ಮೊದಲು ಕಳಿಸಿತು.

ಒಂದೇ ನಿಮಿಷದಲ್ಲಿ ಅವರ ಉತ್ತರ ಬಂತು: "ಆಯ್ತ್. ಲಾರಿ ಈಗ ಎಲ್ಲಿಗ್ ಬಂತ್ ಅಂದ್ಹೇಳಿ ನಂಬುದ್ ನಾವ್?"

ಹೆದರಿದ ಏಜೆಂಟ್

ವಿವರಣೆ ಸರಿಯಿಲ್ಲದಿದ್ದರೆ ಏಜೆಂಟ್ ಏನು ಮಾಡೀತು ಎಂದು ಬ್ರಹ್ಮಾವರದವನು ಕೈ ತೊಳೆದುಕೊಂಡ. ಧಣಿ ವಿವರಣೆ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನಾನು ಓದಿದ್ದು ಹತ್ತನೇ ತರಗತಿ ಎಂದೆ. ಓದು ಬೇಡ, ನೀನು ಬೈದದ್ದು ಇವತ್ತಿನವರೆಗೆ ಯಾರಿಗೂ ಅರ್ಥವಾಗದೆ ಉಳಿದಿಲ್ಲ, ಹಾಗೇ ಬರೆ ಎಂದರು. ಜೊತೆಗೆ ಒಂದು ಕಂಡೀಷನ್. ಬಸ್ರೂರಿನಲ್ಲಿ ನಾವು ಕಟ್ಟುತ್ತಿರುವ ಮನೆಗೆ ಮುಂಬಾಗಿಲು ನಿಲ್ಲಿಸುವುದರೊಳಗೆ ಇನ್ನೊಂದು ಎಡವಟ್ಟಾದರೆ ಸಾಫ್ಟ್‌ವೇರೂ ಹೊರಗೆ, ನಾನೂ ಹೊರಗೆ. ಗೋಡೆಯ ಕ್ಯಾಲೆಂಡರೇ ಸಾಕು.

ಮಗಳ ಸ್ಕೂಲ್ ವ್ಯಾನು, ಟಿಫಿನ್ನು ಎಲ್ಲ ಈ ಸಂಬಳದ ಮೇಲೆ ನಿಂತಿದೆ. ಹಾಗಾಗಿ ಹೆದರಿ, ಪ್ರತಿ ಟೂಲಿಗೂ 'ಸಂದೇಹ ಬಂದರೆ ನನ್ನನ್ನು ಕೇಳಬೇಕು' ಎಂದು ಸೇರಿಸಿದೆ. ಎಂಥ ಸಂದೇಹ ಎಂದು ಬರೆಯಲಿಲ್ಲ.

ಮರುದಿನ ಅದು ಕೇಳಿತು, ಜಲ್ಲಿ ಒಂದು ಲೋಡ್ ಎಂದಿದೆ, ಸೇರಿಸಲೇ? ಸೇರಿಸು ಎಂದೆ. ಸೇರಿಸಿದೆ, ಸೇರಿಸಿದ್ದು ಸರಿಯೇ? ಸರಿ ಎಂದೆ. ಸರಿ ಎಂದಿರಿ, ಖಂಡಿತವೇ? ಊಟಕ್ಕೆ ಕೂತರೂ ಬಿಡಲಿಲ್ಲ. ಅಂದು ಸ್ಕೂಲಿಗೆ ರಜೆಯೆಂದು ಮಗಳು ನನ್ನ ಜೊತೆಗೇ ಇದ್ದಳು. ಪರದೆಯನ್ನೂ ನನ್ನನ್ನೂ ನೋಡಿ ಮೆಲ್ಲಗೆ ಕೇಳಿದಳು, "ಅಮ್ಮ, ಅದ್ಕೂ ನೀ ಬೈದಿದ್ಯಾ?"

ಅತ್ತೆಯ ಮೀನು

ವಿವರಣೆ ಬರೆಯುವುದು ಹೇಗೆಂದು ನನಗೆ ಕಲಿಸಿದ್ದು ಬ್ರಹ್ಮಾವರದವನಲ್ಲ, ನನ್ನ ಅತ್ತೆ. ಒಂದು ಆದಿತ್ಯವಾರ ಅವರು ತಮ್ಮ ಮಗನನ್ನು, ಅಂದರೆ ನನ್ನ ಗಂಡನನ್ನು, ಮೀನಿಗೆ ಕಳಿಸುತ್ತಿದ್ದರು.

"ಬಂಗ್ಡಿ ಇದ್ರ್ ಮಾತ್ರ ತಾ. ಕಣ್ಣ್ ಕೆಂಪ್ ಆಯಿದ್ರ್ ಬ್ಯಾಡ. ಬಂಗ್ಡಿ ಇಲ್ದಿರೆ ಬೇರೆ ಎಂತದೂ ಬ್ಯಾಡ, ಸೀದಾ ಮನಿಗ್ ಬಾ. ನಿನ್ ತಲಿ ಓಡ್ಸುಕ್ ಹೋಯ್ಬೇಡ."

ನಾನು ಒಲೆ ಆರಿಸಿ ಓಡಿಹೋಗಿ ಪೆನ್ನು ತಂದೆ. ಏನು ಮಾಡಬೇಕು, ಯಾವಾಗ ಮಾಡಬಾರದು, ಆಗದಿದ್ದರೆ ಮುಂದೇನು, ಎಲ್ಲ ಅದರಲ್ಲಿತ್ತು. ಇನ್ನೊಮ್ಮೆ ಹೇಳಿ ಎಂದು ಅತ್ತೆಯನ್ನು ಕೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು. ಅವರು ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದರು.

ಬಸ್ರೂರಿನ ಬಾಗಿಲು

ಹೊಸ ಮನೆಗೆ ದಾರಂದ, ಅಂದರೆ ಮುಂಬಾಗಿಲಿನ ಚೌಕಟ್ಟು, ನಿಲ್ಲಿಸಲು ನಮ್ಮಲ್ಲಿ ಮುಹೂರ್ತ ಬೇಕೇ ಬೇಕು. ಇದು ಏಜೆಂಟಿಗೆ ಹೇಗೆ ಗೊತ್ತಿರಬೇಕು? ದಿನ ಬದಲಿಸುವ ಟೂಲಿಗೆ ಅತ್ತೆಯ ಧಾಟಿಯಲ್ಲೇ ಬರೆದೆ: 'ಮುಹೂರ್ತ ಇಲ್ಲದ ಕೆಲಸಕ್ಕೆ ಮಾತ್ರ. ಮುಹೂರ್ತ ಇದ್ದರೆ ಸರಿಸಬಾರದು. ಧಣಿ ಹೇಳಿದರೂ ಸರಿಸಬಾರದು. ಮೊದಲು ಮನೆಯವರನ್ನು ಕೇಳಬೇಕು. ತಲೆ ಓಡಿಸಬಾರದು.'

ಬಸ್ರೂರಿನ ಮುಹೂರ್ತ ಸೋಮವಾರ ಹತ್ತೂವರೆಗೆ. ಅಂದು ಬೆಳಿಗ್ಗೆ ನೋಡಿದರೆ ಬಡಗಿಯೇ ಇಲ್ಲ. ಬೈಂದೂರಿನ ಭಾವ, ಅಂದರೆ ಧಣಿಯ ಹೆಂಡತಿಯ ಅಣ್ಣ, ಕಪಾಟು ಮಾಡಿಸಬೇಕೆಂದನೆಂದು ಧಣಿಯೇ ಅವನನ್ನು ಅಲ್ಲಿಗೆ ಕಳಿಸಿದ್ದರು. ಈಗ ನನ್ನ ಎದುರೇ ಕೂತು ಏಜೆಂಟಿಗೆ ಬರೆದರು, ಬಸ್ರೂರಿನ ದಾರಂದ ಬುಧವಾರಕ್ಕೆ ಸರಿಸು.

ಏಜೆಂಟ್ ಉತ್ತರಿಸಿತು: 'ಇದಕ್ಕೆ ಮುಹೂರ್ತ ಇದೆ. ಧಣಿ ಹೇಳಿದರೂ ಸರಿಸಬಾರದು ಎಂದಿದೆ. ಮನೆಯವರನ್ನು ಕೇಳಿದ್ದೇನೆ.'

ಮನೆಯವರೆಂದರೆ ನಿವೃತ್ತ ಟೀಚರು. ಧಣಿಗೆ ಐದನೇ ಕ್ಲಾಸಿನಲ್ಲಿ ಪಾಠ ಮಾಡಿದವರು. ಫೋನ್ ಬಂದದ್ದೇ ಧಣಿ ಕುರ್ಚಿಯಿಂದ ಎದ್ದು ನಿಂತರು. ಆಚೆಯ ಮಾತು ನನಗೆ ಕೇಳಲಿಲ್ಲ. ಈಚೆಯದು ಇಷ್ಟೇ: "ಹೌದ್ ಟೀಚರೇ. ಇಲ್ಲ ಟೀಚರೇ. ನಾನೇ ಹೋತೆ ಟೀಚರೇ."

ಬೈಂದೂರಿಗೆ ತಾವೇ ಕಾರು ಓಡಿಸಿ, ಕೈಯಲ್ಲಿ ಉಳಿ ಹಿಡಿದಿದ್ದ ಬಡಗಿಯನ್ನು ಹಾಗೇ ಎತ್ತಿಕೊಂಡು ಬಂದರು. ಹತ್ತೂವರೆಗೆ ಸರಿಯಾಗಿ ದಾರಂದ ನಿಂತಿತು.

ಮಧ್ಯಾಹ್ನ ಆಫೀಸಿಗೆ ಬಂದ ಧಣಿ ಕೇಳಿದರು, "'ಧಣಿ ಹೇಳಿದರೂ' ಅಂದ್ಹೇಳಿ ಬರ್ದದ್ ಯಾರ್?"

ನಾನೇ ಎಂದೆ. ಹೇಳುತ್ತಲೇ ಟಿಫಿನ್ ಡಬ್ಬಿಯನ್ನು ಚೀಲಕ್ಕೆ ಹಾಕಿದೆ.

"ಡಬ್ಬಿ ಹೊರಗ್ ಇಡ್ ಮಾರಾಯ್ತಿ. ಇನ್ನೊಂದ್ ಸಾಲ್ ಬರಿ. ಬೈಂದೂರಿನ ಭಾವ ಬಡಗಿ ಕೇಂಡ್ರೆ ಬಡಗಿ ಇಲ್ಲ. ನಾನೇ 'ಇದ್ದ' ಅಂದ್ರೂ ಇಲ್ಲ."

ಬರೆದೆ. ಆದರೆ ಕಲಿತ ವಿದ್ಯೆ ಸುಮ್ಮನಿರಬೇಕಲ್ಲ, ಅಮ್ಮನವರೇ, ಅಂದರೆ ಧಣಿಯ ಹೆಂಡತಿಯೇ, ಹೇಳಿದರೆ ಏನು ಮಾಡಬೇಕು ಎಂದು ಬರೆಯಲಿ ಎಂದು ಕೇಳಿದೆ.

ಧಣಿ ಮೇಜಿನ ಮೇಲಿಟ್ಟಿದ್ದ ಕಾರಿನ ಕೀಲಿಯನ್ನು ಮತ್ತೆ ಕೈಗೆತ್ತಿಕೊಂಡರು.

"ಆಗ ಬಡಗಿ ಒಟ್ಟಿಗೆ ನನ್ನನ್ನೂ ಕಳ್ಸುಕ್ ಬರಿ."