ಬಿಚ್ಚದೆ ಇಟ್ಟ ಕವರು

ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು ಎಂದರೆ ನೀವು ನಂಬಬೇಕು. ಎರಡು ಸಾವಿರನೇ ಇಸವಿ ಬಂದರೆ ಲೋಕದ ಕಂಪ್ಯೂಟರುಗಳೆಲ್ಲ ತಾರೀಖು ಮರೆತು ಕೂತುಬಿಡುತ್ತವೆ ಎಂಬ ಗಾಬರಿ ಎದ್ದಿದ್ದ ಕಾಲ ಅದು. ಆ ಗಾಬರಿಯ ಪುಣ್ಯದಿಂದಲೇ ನನ್ನಂಥವರು ನ್ಯೂಜೆರ್ಸಿಗೆ ಬಂದಿಳಿದದ್ದು. ಕ್ರ್ಯಾನ್‌ಬರಿಯ ಒಂದು ಔಷಧ ಕಂಪನಿಯಲ್ಲಿ ಕೂತು, ಯಾರೋ ಎಂದೋ ಬರೆದಿಟ್ಟ ಪ್ರೋಗ್ರಾಮುಗಳಲ್ಲಿ ತಾರೀಖು ಎಲ್ಲೆಲ್ಲಿ ಎಡವುತ್ತದೆ ಎಂದು ಹುಡುಕುವುದು ನನ್ನ ಕೆಲಸ. ಅದರಲ್ಲಿ ನಾನು ಗಟ್ಟಿಗ ಎಂದೇ ಹೆಸರು. ಆದರೆ ಆಫೀಸಿನ ಬಾಗಿಲು ದಾಟಿದರೆ ನಾನು ಬೇರೆಯೇ ಮನುಷ್ಯ. ಅಂಗಡಿಯವನು ಕೊಳೆತ ಟೊಮೇಟೊ ಕೊಟ್ಟರೂ ಬದಲಾಯಿಸಿ ಕೊಡಿ ಎನ್ನಲು ಸಂಕೋಚ. ಇನ್ನು ಯಾರಾದರೂ ಕೂರಿಸಿ ಒಂದು ಲೋಟ ಕಾಫಿ ಕೊಟ್ಟರಂತೂ ಮುಗಿಯಿತು, ಆಮೇಲೆ ಅವರು ಹೇಳಿದ್ದೆಲ್ಲ ವೇದವಾಕ್ಯ.

ನಾವಿದ್ದದ್ದು ಓಲ್ಡ್ ಬ್ರಿಡ್ಜ್‌ನ ಅಪಾರ್ಟ್‌ಮೆಂಟಿನಲ್ಲಿ. ನನಗೆ ಲೈಸೆನ್ಸ್ ಇತ್ತು, ಕಾರಿರಲಿಲ್ಲ; ಸಹೋದ್ಯೋಗಿಯ ಕಾರಿನಲ್ಲಿ ಆಫೀಸಿಗೆ ಹೋಗಿಬಿಡುತ್ತಿದ್ದೆ. ನನ್ನ ಹೆಂಡತಿ ಶೈಲಾ ದಿನವಿಡೀ ಮನೆಯಲ್ಲಿ ಒಬ್ಬಳೇ. ಹಾಲು ಬೇಕೆಂದರೂ ಫುಟ್‌ಪಾತೇ ಇಲ್ಲದ ಹೈವೇ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ನಡೆಯಬೇಕು. ಮೈಸೂರಿನಲ್ಲಿ ಇಡೀ ಊರು ಸ್ಕೂಟಿಯಲ್ಲಿ ಸುತ್ತಿದವಳು ಅವಳು. ಅಷ್ಟರಲ್ಲಿ ಅವಳ ಅಮ್ಮ ಮೊದಲ ಸಲ ಅಮೆರಿಕಕ್ಕೆ ಬರುವುದೆಂದು ನಿಶ್ಚಯವಾಯಿತು. ಫೋನಿನಲ್ಲಿ ಇವಳು, "ನೀನು ಬಂದು ಇಳಿಯಮ್ಮ, ಏರ್‌ಪೋರ್ಟಿಂದ ನಾನೇ ಕಾರು ಓಡಿಸ್ಕೊಂಡು ಕರ್ಕೊಂಡ್ ಬರ್ತೀನಿ" ಎಂದುಬಿಟ್ಟಳು. ಸೈಕಲ್ ತುಳಿಯುವುದಕ್ಕೂ ಅಪ್ಪಣೆ ಸಿಗದೆ ಬೆಳೆದ ನಮ್ಮ ಅತ್ತೆ ಆ ಮಾತನ್ನು ಬೀದಿಗೆಲ್ಲ ಸಾರಿಕೊಂಡು ಬಂದರಂತೆ. ಶೈಲಾ ಲರ್ನರ್ಸ್ ಪರ್ಮಿಟ್ ತೆಗೆದುಕೊಂಡಳು, ಡ್ರೈವಿಂಗ್ ಟೆಸ್ಟಿಗೆ ತಾರೀಖನ್ನೂ ಗೊತ್ತುಮಾಡಿಕೊಂಡಳು. ಬೇಕಾಗಿದ್ದದ್ದು ಕಾರು ಮಾತ್ರ.

ಮೆಟುಚೆನ್‌ನಲ್ಲಿ ಮೈಸೂರಿನವರೇ ಒಬ್ಬ ಅಂಕಲ್ ತಮ್ಮ ಹಳೆಯ ಕಾರು ಮಾರುತ್ತಿದ್ದಾರೆಂದು ತಿಳಿಯಿತು. ಶೈಲಾ ಲೈಬ್ರರಿಯಲ್ಲಿ ಪುಸ್ತಕ ಓದಿ ತಯಾರಾಗಿದ್ದಳು. "ರೀ, ಸರ್ಕಾರದವರು ಕಾರು ತಪಾಸಣೆ ಮಾಡಿ ಕೊಟ್ಟ ಇನ್‌ಸ್ಪೆಕ್ಷನ್ ಪೇಪರೆಲ್ಲ ಕೇಳಿ ನೋಡ್ಬೇಕಂತೆ. ಯಾವಾಗ ಪಾಸಾಯ್ತು, ಯಾವಾಗ ಫೇಲಾಯ್ತು, ಎಲ್ಲಾ ಅದರಲ್ಲಿರತ್ತೆ. ಮೊದಲು ಅದನ್ನ ಕೇಳಿ" ಎಂದು ದಾರಿಯುದ್ದಕ್ಕೂ ಹೇಳಿಕೊಟ್ಟಳು. ಕೇಳುವುದೇ ಎಂದು ಹೊರಟೆ. ಆದರೆ ಅಲ್ಲಿ ಆಂಟಿ ಬಿಸಿಬೇಳೆಬಾತ್ ಮಾಡಿಟ್ಟಿದ್ದರು, ಜೊತೆಗೆ ಅರಳು ಸಂಡಿಗೆ. ಎರಡನೇ ಸಲ ಬಡಿಸಿಕೊಳ್ಳುವಷ್ಟರಲ್ಲಿ ಅಂಕಲ್‌ರ ಅಣ್ಣ ನಮ್ಮ ಸೋದರಮಾವನಿಗೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು ಎಂದು ಗೊತ್ತಾಯಿತು. ಇನ್ನು ಅಂಥವರ ಮುಂದೆ "ಎಲ್ಲಿ, ನಿಮ್ಮ ಕಾರಿನ ಜಾತಕ ತೆಗೀರಿ" ಎನ್ನುವುದು ಹೇಗೆ? ಶೈಲಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ನಾನು ಕಾಲು ಪಕ್ಕಕ್ಕೆ ಇಟ್ಟುಕೊಂಡೆ. ಊಟ ಮುಗಿದ ಮೇಲೆ ಅಂಕಲ್ ತಾವಾಗಿಯೇ ಒಂದು ದಪ್ಪ ಕವರು ತಂದು, "ಕಾರಿನ ಹಳೇ ಪೇಪರೆಲ್ಲಾ ಇದರಲ್ಲಿದೆ. ನಿಧಾನವಾಗಿ ನೋಡಿ, ಆಮೇಲೆ ಹೇಳಿ" ಎಂದು ನನ್ನ ಕೈಗಿಟ್ಟರು.

ನಮ್ಮ ಕಡೆ, ಕೊಟ್ಟವರ ಎದುರಿಗೇ ಕವರು ಬಿಚ್ಚಿ ನೋಡುವುದು ಉಂಟೇ? ಮದುವೆ ಮನೆಯಲ್ಲಿ ಮುಯ್ಯಿ ಕವರು ಕೈಗೆ ಬಂದರೆ ಅದರ ಕಡೆ ಕಣ್ಣೂ ಹಾಯಿಸದೆ ಪಕ್ಕದವರಿಗೆ ದಾಟಿಸುತ್ತೇವೆ. ನಮ್ಮ ಆಫೀಸಿನ ಅಮೆರಿಕನ್ ಹೆಂಗಸು ಒಮ್ಮೆ ಹುಟ್ಟುಹಬ್ಬದ ಉಡುಗೊರೆಯನ್ನು ಎಲ್ಲರೆದುರು ಪರಪರ ಹರಿದಾಗ ನಾಚಿಕೆಯಾಗಿ ಕಿಟಕಿ ಕಡೆ ನೋಡಿದವನು ನಾನು. ಹಾಗಾಗಿ ಅಂಕಲ್‌ರ ಕವರನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ನೋಡೋದೇನು ಬಂತು ಅಂಕಲ್, ನೀವು ಕೊಟ್ಟ ಮೇಲೆ" ಎಂದು ಅಲ್ಲೇ ವ್ಯವಹಾರ ಮುಗಿಸಿದೆ. ಅಂಕಲ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಆಂಟಿ ಚಟ್ನಿಪುಡಿ ತಂದರು. ಕವರು, ಚಟ್ನಿಪುಡಿ ಎರಡನ್ನೂ ಕೊಂಡ ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಗೆ ಸೇರಿಸಿದೆ. ಚಟ್ನಿಪುಡಿ ಮಾತ್ರ ಮನೆಯೊಳಗೆ ಹೋಯಿತು.

ಕಾರಿನ ಮುಂದಿನ ಗಾಜಿನ ಮೂಲೆಯಲ್ಲಿ ಒಂದು ಕೆಂಪು ಚೀಟಿ ಅಂಟಿಸಿತ್ತು. "ರೀ, ಇದೇನು? ಬೇರೆ ಕಾರಲ್ಲಿ ಹೀಗಿಲ್ವಲ್ಲ" ಎಂದು ಶೈಲಾ ಕೇಳಿದಳು. "ಒಂದೊಂದು ಕಾರಿಗೆ ಒಂದೊಂದು ಬಣ್ಣ. ಕುಂಕುಮದ ಬಣ್ಣ, ಒಳ್ಳೇದೇ ಬಿಡು" ಎಂದೆ. ವಾರಾಂತ್ಯದಲ್ಲಿ ಶಾಲೆಯೊಂದರ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಅಭ್ಯಾಸ ಶುರುವಾಯಿತು. "ಬ್ರೇಕು ತುಂಬಾ ಒತ್ತಬೇಕು ರೀ" ಎಂದಳು. "ನಿನ್ನ ಕಾಲಿಗೆ ಇನ್ನೂ ಅಭ್ಯಾಸ ಇಲ್ಲ" ಎಂದೆ. ಪಾಪ, ನಂಬಿದಳು.

ಟೆಸ್ಟಿನ ದಿನ ಶೈಲಾ ದೇವರಿಗೆ ದೀಪ ಹಚ್ಚಿ, ಮೊಸರನ್ನ ತಿಂದು ಹೊರಟಳು. ಪರೀಕ್ಷಕ ಕಾರಿನೊಳಗೆ ಕೂರಲೇ ಇಲ್ಲ. ಪೆನ್ನಿನ ತುದಿಯಿಂದ ಆ ಕೆಂಪು ಚೀಟಿಯನ್ನು ಎರಡು ಸಲ ಕುಟ್ಟಿ, ಈ ಗಾಡಿ ಇನ್‌ಸ್ಪೆಕ್ಷನ್‌ನಲ್ಲಿ ಫೇಲಾಗಿದೆ, ಸರಿಮಾಡಿಸಲು ಕೊಟ್ಟ ಗಡುವೂ ದಾಟಿದೆ, ಇದರಲ್ಲಿ ಟೆಸ್ಟ್ ಇಲ್ಲ ಎಂದು ಹೊರಟುಹೋದ. ಚೀಟಿಯ ಮೇಲೆ ತಾರೀಖು ದಪ್ಪಕ್ಷರದಲ್ಲೇ ಇತ್ತು. ವಾರಕ್ಕೆ ಐದು ದಿನ ಬೇರೆಯವರ ತಾರೀಖು ತಿದ್ದುವ ಗಟ್ಟಿಗ ನಾನು! ಮುಂದಿನ ಟೆಸ್ಟಿಗೆ ಸಿಕ್ಕಿದ ತಾರೀಖು ಅತ್ತೆ ಬರುವ ದಿನ ದಾಟಿ ಹತ್ತು ದಿನಕ್ಕೆ. ಶೈಲಾ ಪರ್ಮಿಟನ್ನು ಪರ್ಸಿಗೆ ಹಾಕಿಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂತಳು. ಬೈದಿದ್ದರೆ ಚೆನ್ನಾಗಿತ್ತು.

ಅಂದು ಕವರು ಬಿಚ್ಚಿದೆ. ಎರಡು ಸಲ ಫೇಲಾದ ಕಾಗದಗಳು, ಮೇಲೆ ಅಂಕಲ್‌ರ ಕೈಬರಹದ ಚೀಟಿ: "ಬ್ರೇಕು, ಹೊಗೆ ಎರಡೂ ರಿಪೇರಿ ಆಗಬೇಕು. ಅದಕ್ಕೇ ಬೆಲೆ ಇಳಿಸಿದ್ದೇನೆ. ಊಟದ ಹೊತ್ತಿನಲ್ಲಿ ಹೇಳಲು ಮನಸ್ಸಾಗುವುದಿಲ್ಲ, ಅದಕ್ಕೆ ಬರೆದಿದ್ದೇನೆ. ಬೇಡವಾದರೆ ದಾಕ್ಷಿಣ್ಯ ಮಾಡಿಕೊಳ್ಳಬೇಡಿ." ಚೀಟಿ ಓದುವ ಮೊದಲೇ ಜಗಳಕ್ಕೆಂದು ಅವರ ನಂಬರು ಒತ್ತಿಬಿಟ್ಟಿದ್ದೆ. ಅತ್ತ ಕಡೆಯಿಂದ, "ಕವರು ನೋಡಿದ್ರಿ ತಾನೆ?" ಎಂಬ ದನಿ. "ಓಹೋ, ಅವತ್ತೇ ನೋಡಿದೆ ಅಂಕಲ್. ಚಟ್ನಿಪುಡಿ ಚೆನ್ನಾಗಿತ್ತು ಅಂತ ಹೇಳೋಣ ಅಂತ ಮಾಡ್ದೆ" ಎಂದೆ.

ಗರಾಜಿನಲ್ಲಿ ಕಾರು ರಿಪೇರಿಯಾಗಿ ಪಾಸಾಯಿತು. ಅದನ್ನು ಏರ್‌ಪೋರ್ಟಿಗೆ ನಾನೇ ಓಡಿಸಿದೆ. ಅತ್ತೆ ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಬಂದಿದ್ದರು. ಕಾರಿನ ಹತ್ತಿರ ಬಂದಾಗ ಶೈಲಾ ಹೋಗಿ ಮುಂದಿನ ಬಲಗಡೆಯ ಬಾಗಿಲು ತೆಗೆದಳು. ನಮ್ಮೂರಿನಲ್ಲಿ ಅದು ಓಡಿಸುವವರ ಕಡೆ. "ಅಯ್ಯೋ ನನ್ನ ಕಂದ, ನಿಜವಾಗ್ಲೂ ನೀನೇ ಓಡಿಸ್ತೀಯಾ!" ಎಂದು ಅತ್ತೆ ಅಲ್ಲೇ ಕಣ್ಣೊರೆಸಿಕೊಂಡರು. "ಇಲ್ಲಮ್ಮ, ಇಲ್ಲಿ ಸ್ಟೇರಿಂಗು ಆ ಕಡೆ. ಇಲ್ಲಿ ನೀನು ಕೂತ್ಕೋ." "ಮತ್ತೆ ನೀನು?" ಶೈಲಾ ನನ್ನ ಮುಖ ನೋಡಿದಳು. ನಾನು ಸೂಟ್‌ಕೇಸ್ ಡಿಕ್ಕಿಗೆ ತುಂಬುವುದರಲ್ಲಿ ಬಹಳ ತಲ್ಲೀನನಾದೆ. "ಟೆಸ್ಟಿಗೆ ಹೋದೆ ಕಣಮ್ಮ. ಭಯ ಆಗ್ಬಿಡ್ತು" ಎಂದಳು. "ಹೋಗ್ಲಿ ಬಿಡು, ಅಳಿಯಂದ್ರು ಇದಾರಲ್ಲ" ಎಂದರು ಅತ್ತೆ.

ಹತ್ತು ದಿನದ ಮೇಲೆ ಅವಳು ಒಂದೂ ತಪ್ಪಿಲ್ಲದೆ ಪಾಸಾದಳು. ಎಷ್ಟೋ ವರ್ಷವಾಯಿತು. ಅತ್ತೆ ಈಗಲೂ ಸ್ಪೀಕರ್ ಫೋನಿನಲ್ಲಿ, "ಅವತ್ತು ಹೆದರ್ಕೊಂಡು ವಾಪಸ್ ಬಂದಿದ್ದೆಯಲ್ಲೇ, ಪುಕ್ಕಲಿ!" ಎಂದು ಮಗಳನ್ನು ರೇಗಿಸುತ್ತಾರೆ. ಶೈಲಾ ನನ್ನ ಕಡೆ ನೋಡುತ್ತಾಳೆ. ನಾನು ಅತ್ತೆಯ ಜೊತೆ ಸೇರಿ ನಗುತ್ತೇನೆ.